ಸಂಬಾಳ ಬಾರಿಸಿದವರ ಹೆಸರೇನು?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಹಲಸಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕು. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ಕೇಳಿದರೆ ‘ಗೋವಾ ಹತ್ರ’ ಅಂದುಬಿಡ್ತೀನಿ. ಕದಂಬರ ಕಾಲದಲ್ಲಿ ಇದು ಪಲಾಶಿಕಾ ಅನ್ನೋ ರಾಜಧಾನಿ ಆಗಿತ್ತು ಅಂತ ಹೇಳಲು ಹೊರಟರೆ ಅಷ್ಟರೊಳಗೆ ಅವರ ಮೀಟಿಂಗ್ ಶುರುವಾಗಿರುತ್ತದೆ.

ರಾತ್ರಿ ಊಟ ಆದಮೇಲೆ ಪಡಸಾಲೆಯಲ್ಲಿ ಕೂತಿದ್ದೆವು. ತಂಗಿ ನನ್ನ ಮಾನ ಕಳೆಯಬೇಕೆಂದೇ ನಮ್ಮ ಕಾಲೇಜು ಬ್ಯಾಂಡಿನ ಹಳೇ ಹಾಡನ್ನು ಟೀವಿಗೆ ಹಾಕಿದಳು. 2016ರಲ್ಲಿ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಾವು ಐದು ಜನ ಸೇರಿ ಮಾಡಿದ್ದ ಕನ್ನಡ ರಾಕ್ ಹಾಡು ಅದು. ಗಿಟಾರ್ ನನ್ನದು. ಯೂಟ್ಯೂಬ್‌ನಲ್ಲಿ ಮುನ್ನೂರು ಚಿಲ್ಲರೆ ವೀಕ್ಷಣೆ, ಅದರಲ್ಲಿ ಅರ್ಧ ನನ್ನವೇ.

ದೊಡ್ಡಪ್ಪ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವರಿಗೆ ಎಪ್ಪತ್ತಾರು. ಎಡಗಿವಿ ಈಗ ಅಷ್ಟಾಗಿ ಕೇಳಿಸೋದಿಲ್ಲ. ನಿದ್ದೆ ಹತ್ತಿದೆ ಅಂದುಕೊಂಡಿದ್ದೆ. ಹಾಡು ಮುಗಿದ ಮೇಲೆ ಕಣ್ಣು ಬಿಟ್ಟು ಕೇಳಿದರು:

“ಅಲ್ಲೋ ತಮ್ಮಾ, ನಡುವ ಸಂಬಾಳ ಬಾರಿಸ್ಯಾನಲ್ಲ, ಅಂವಾ ಯಾರು?”

ನಮ್ಮ ಹಾಡಿನಲ್ಲಿ ಯಾರಾದರೂ ಮೆಚ್ಚಿದ್ದರೆ ಆ ನಲವತ್ತು ಸೆಕೆಂಡಿನ ಸಂಬಾಳವನ್ನೇ. ಗೊಂದಲಿಗರ ವಾದ್ಯ. ‘ಜಾನಪದ ಟಚ್’ ಬೇಕು ಅಂತ ಯಾರೋ ಸೂಚಿಸಿದವರನ್ನು ಒಂದು ಮಧ್ಯಾಹ್ನಕ್ಕೆ ಕರೆಸಿದ್ದೆವು. ಬಂದರು, ಎರಡು ಸಲ ಹಾಡು ಕೇಳಿದರು, ಒಂದೇ ಟೇಕ್‌ನಲ್ಲಿ ಬಾರಿಸಿದರು, ದುಡ್ಡು ತಗೊಂಡು ಹೋದರು.

“ಗೊತ್ತಿಲ್ಲ ದೊಡ್ಡಪ್ಪ. ಯಾರೋ ಹೊರಗಿನವರು.”

“ನಿನ್ನ ಹಾಡಿನ್ಯಾಗ ಬಾರಿಸ್ಯಾನ. ನಿನಗ ಗೊತ್ತಿಲ್ಲ?”

ಬೈದಂತೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನಾವೂ ಹಂಗ ಇದ್ವಿ ಬಿಡು” ಅಂದರು.

ಎರಡನೇ ಸಾಲಿನ ಕುರ್ಚಿ

ದೊಡ್ಡಪ್ಪ ಮುಂಬೈಯಲ್ಲಿ ಕೆಲವು ವರ್ಷ ಇದ್ದರು ಅನ್ನೋದು ನನಗೆ ಗೊತ್ತಿತ್ತು. ‘ಬ್ಯಾಂಡಿನ್ಯಾಗ ಇದ್ದ’ ಅಂತ ಮನೆಯಲ್ಲಿ ಹೇಳುತ್ತಿದ್ದರು. ಮದುವೆ ಬ್ಯಾಂಡ್ ಅಂದುಕೊಂಡು ನಾನು ಮುಂದೆ ಕೇಳಿಯೇ ಇರಲಿಲ್ಲ. ಹಾಗೆ ನೋಡಿದರೆ ಶುರುವಾದದ್ದು ಮದುವೆ ಬ್ಯಾಂಡಿನಲ್ಲೇ. ಬೆಳಗಾವಿಯ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಕಲಿತರು. ಕ್ಯಾಂಪ್ ಕಡೆ ಇದ್ದ ಗೋವಾದ ಮಾಸ್ತರರೊಬ್ಬರು ನೊಟೇಶನ್ ಓದೋದನ್ನು ಹೇಳಿಕೊಟ್ಟರು. 1970ರ ಹೊತ್ತಿಗೆ ಖಾನಾಪುರದಲ್ಲಿ ರೈಲು ಹತ್ತಿ, ಮೀರಜ್‌ನಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋದರು. ಅಲ್ಲಿ ಏಳು ವರ್ಷ ಸಿನಿಮಾ ಹಾಡುಗಳ ರೆಕಾರ್ಡಿಂಗಿನಲ್ಲಿ ಬಾರಿಸಿದರು. ಖಾಯಂ ಅಲ್ಲ. ಯಾರಾದರೂ ಬರದೇ ಇದ್ದಾಗ ಇವರಿಗೆ ಕರೆ ಬರುತ್ತಿತ್ತು.

ಇಂಥವರನ್ನು ಸೆಷನ್ ಮ್ಯೂಸಿಶಿಯನ್ ಅಂತಾರೆ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ಕಾಂಟ್ರ್ಯಾಕ್ಟ್ ಮೇಲಿನವರು. ಹಾಡು ಅವರದಲ್ಲ, ಬ್ಯಾಂಡ್ ಅವರದಲ್ಲ. ಕರೆದಾಗ ಬರಬೇಕು, ಕಾಗದದಲ್ಲಿ ಬರೆದದ್ದನ್ನು ತಪ್ಪಿಲ್ಲದೆ ಬಾರಿಸಬೇಕು, ಪಾಳಿ ಲೆಕ್ಕದಲ್ಲಿ ದುಡ್ಡು ತಗೊಂಡು ಹೋಗಬೇಕು.

“ಐವತ್ತು ಅರವತ್ತು ಮಂದಿ ಒಂದ ಹಾಲ್‌ನ್ಯಾಗ ಕೂಡ್ತಿದ್ವಿ. ಎಲ್ಲಾರೂ ಒಮ್ಮೆಲೆ ಬಾರಿಸಬೇಕು. ಒಬ್ಬಾಂವ ತಪ್ಪಿದರ ಎಲ್ಲಾರದೂ ಮತ್ತ ಮೊದಲಿಂದ. ನಾ ಎರಡನೇ ಸಾಲು, ಎಡಕ್ಕಿಂದ ಮೂರನೇ ಕುರ್ಚಿ.”

“ಯಾವ ಹಾಡು ದೊಡ್ಡಪ್ಪ?” ನಾನು ಫೋನ್ ಹಿಡಿದು ತಯಾರಾಗಿದ್ದೆ.

“ಯಾರಿಗ್ ಗೊತ್ತೋ? ಹಾಳಿ ಮ್ಯಾಲೆ ನಂಬರ್ ಇರ್ತಿತ್ತು. ಪಿಕ್ಚರ್ ಹೆಸರೂ ಕೆಲವೊಮ್ಮೆ ತಿಳೀತಿರಲಿಲ್ಲ. ಮುಂದ ಎಂದೋ ರೇಡಿಯೋದಾಗ ಕೇಳಿದರ, ಹಾಂ, ಇದು ನಾವು ಬಾರಿಸಿದ್ದು, ಅಂತ.”

ಆ ಹಾಲ್‌ಗಳಲ್ಲಿ ಗೋವಾದವರು ಬಹಳ ಮಂದಿ ಇದ್ದರಂತೆ. ಇದಕ್ಕೆ ಕಾರಣವಿದೆ. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಪಿಟೀಲು ಮತ್ತು ಪಾಶ್ಚಾತ್ಯ ನೊಟೇಶನ್ ಕಲಿಸುತ್ತಿದ್ದರು. ಹಿಂದಿ ಸಿನಿಮಾದ ಅನೇಕ ಸಂಗೀತ ನಿರ್ದೇಶಕರಿಗೆ ರಾಗ ಹೊಳೆಯುತ್ತಿತ್ತು, ಅದನ್ನು ಅರವತ್ತು ವಾದ್ಯಗಳಿಗೆ ಹಂಚಿ ಬರೆಯೋದು ಬರುತ್ತಿರಲಿಲ್ಲ. ಬರೆದುಕೊಟ್ಟವರು ಗೋವಾದವರು. ಶಂಕರ್–ಜೈಕಿಶನ್ ಹಾಡುಗಳ ಹಿಂದೆ ಸೆಬಾಸ್ಟಿಯನ್ ಡಿಸೋಜಾ ಇದ್ದರು. ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ ಹಗಲು ಸ್ಟುಡಿಯೋಗೆ ಬರುತ್ತಿದ್ದ ಇಂಥವರ ಕೈಯಿಂದಲೇ ಸ್ವಿಂಗ್, ರಾಕ್ ಅಂಡ್ ರೋಲ್ ಎಲ್ಲ ನಮ್ಮ ಸಿನಿಮಾ ಹಾಡಿನೊಳಗೆ ಇಳಿದವು. ಅನಮೋಡ ಘಾಟ್ ಇಳಿದರೆ ಸಿಗುವ ಗೋವಾ ನನಗೆ ವೀಕೆಂಡ್ ಜಾಗ ಮಾತ್ರ ಆಗಿತ್ತು.

‘ಮೈ ನೇಮ್ ಈಸ್ ಆಂಥನಿ ಗೊನ್ಸಾಲ್ವಿಸ್’ ಹಾಡು ನಿಮಗೆ ಗೊತ್ತಿರಲೇಬೇಕು, 1977ರ ‘ಅಮರ್ ಅಕ್ಬರ್ ಆಂಥನಿ’ ಚಿತ್ರದ್ದು. ಅದು ಸುಮ್ಮನೆ ಹುಟ್ಟಿಸಿದ ಹೆಸರಲ್ಲ. ಗೋವಾದ ಮಜೋರ್ಡಾದಿಂದ ಬಂದ ಆಂಥನಿ ಗೊನ್ಸಾಲ್ವಿಸ್ ನಿಜವಾದ ಪಿಟೀಲು ವಾದಕ, ಅರೇಂಜರ್. ಚಿತ್ರದ ಸಂಗೀತ ನಿರ್ದೇಶಕ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಗುರು. ಶಿಷ್ಯನಿಂದಾಗಿ ಗುರುವಿನ ಹೆಸರು ದೇಶದ ಬಾಯಲ್ಲಿ ಉಳಿಯಿತು. ಆದರೂ ಅದು ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನರಿಗೆ ಗೊತ್ತು? ನನಗಂತೂ ಆ ರಾತ್ರಿವರೆಗೆ ಗೊತ್ತಿರಲಿಲ್ಲ.

ತಂತಿ ಹರಿದಾಗ

ದೊಡ್ಡಪ್ಪ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ರಾಕ್ ಕೇಳುತ್ತ ಬೆಳೆದವನು ನಾನು. ಗೋಡೆ ಮೇಲೆ ಲೆಡ್ ಝೆಪ್ಪೆಲಿನ್ ಪೋಸ್ಟರ್ ಇತ್ತು. ನಾನು ಪೂಜಿಸಿದ ಆ ಹಾಡುಗಳ ಹಿಂದೆಯೂ ಇಂಥ ‘ಎರಡನೇ ಸಾಲು’ ಇತ್ತೇ ಅಂತ ಹುಡುಕುತ್ತ ಕೂತೆ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು, ಆದರೂ ಬೆಳಗಿನ ಮೂರರವರೆಗೆ ಹುಡುಕಿದೆ.

ಮೊದಲು ಸಿಕ್ಕಿದ್ದೇ ಒಬ್ಬ ನಮ್ಮವರು. 1965ರಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ‘ನಾರ್ವೇಜಿಯನ್ ವುಡ್’ ರೆಕಾರ್ಡ್ ಮಾಡುತ್ತಿದ್ದಾಗ ಜಾರ್ಜ್ ಹ್ಯಾರಿಸನ್ ಅವರ ಸಿತಾರಿನ ತಂತಿ ಹರಿಯಿತು. ಆ ಹೊತ್ತಿನಲ್ಲಿ ಲಂಡನ್ನಿನಲ್ಲಿ ಸಿತಾರ್ ತಂತಿ ಎಲ್ಲಿ ಸಿಗಬೇಕು? ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಗೆ ಕರೆ ಹೋಯಿತು. ಅದನ್ನು 1946ರಲ್ಲಿ ಕಟ್ಟಿ ನಡೆಸುತ್ತಿದ್ದವರು ಕರ್ನಾಟಕ ಮೂಲದ ಅಯನ ಅಂಗಡಿ ಮತ್ತು ಅವರ ಇಂಗ್ಲಿಷ್ ಪತ್ನಿ ಪೆಟ್ರಿಷಿಯಾ. ಅಂಗಡಿಯವರು ತಂತಿ ತಗೊಂಡು ಸ್ಟುಡಿಯೋಗೆ ಹೋದರು. ಮರುವರ್ಷ ಹ್ಯಾರಿಸನ್‌ಗೆ ರವಿಶಂಕರ್ ಪರಿಚಯವಾದದ್ದೂ ಅಂಗಡಿಯವರ ಮೂಲಕವೇ. ಪಾಪ್ ಸಂಗೀತದ ಅಷ್ಟು ದೊಡ್ಡ ತಿರುವಿನಲ್ಲಿ ‘ಅಂಗಡಿ’ ಅನ್ನೋ ನಮ್ಮ ಕಡೆಯ ಅಡ್ಡಹೆಸರು ನಿಂತಿದೆ. ನಾನು ಕಲಿತ ಯಾವ ಪುಸ್ತಕದಲ್ಲೂ ಅವರು ಬಂದಿರಲಿಲ್ಲ.

ಮುಂದಿನದು ಇನ್ನೂ ಚುಚ್ಚಿತು. 1966ರ ‘ರಿವಾಲ್ವರ್’ ಆಲ್ಬಮ್ಮಿನಲ್ಲಿ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರು ಕವರಿನ ಮೇಲೆ ಅಚ್ಚಾಯಿತು. ಅದೇ ಹಾಡಿನ ಉಳಿದ ಭಾರತೀಯ ವಾದಕರದು ಆಗಲಿಲ್ಲ. 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್’ ಬಂತು, ರಾಕ್ ಚರಿತ್ರೆಯ ಅತಿ ಹೆಸರಾದ ಆಲ್ಬಮ್ಮುಗಳಲ್ಲಿ ಒಂದು. ಅದರಲ್ಲಿ ಹ್ಯಾರಿಸನ್ ಹಾಡಿಗೆ ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದವರು ಲಂಡನ್ನಿನಲ್ಲಿ ಬದುಕು ಕಟ್ಟಿಕೊಂಡಿದ್ದ ಭಾರತೀಯರು. ಕವರಿನ ಮೇಲೆ ಅವರ ಹೆಸರಿಲ್ಲ. ಅನ್ನಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕಂಸಾರಾ, ನಟವರ್ ಸೋನಿ ಎಂಬ ಹೆಸರುಗಳು ಬೆಳಕಿಗೆ ಬಂದದ್ದು 2017ರ ಹೊತ್ತಿಗೆ, ಐವತ್ತು ವರ್ಷ ಕಳೆದ ಮೇಲೆ.

1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬೈಯ ಎಚ್‌ಎಂವಿ ಸ್ಟುಡಿಯೋಗೇ ಬಂದು ‘ವಂಡರ್‌ವಾಲ್ ಮ್ಯೂಸಿಕ್’ ಆಲ್ಬಮ್ಮಿಗೆ ಇಲ್ಲಿನವರ ಕೈಲಿ ನುಡಿಸಿಕೊಂಡರು. ಸರೋದಿಗೆ ಆಶಿಶ್ ಖಾನ್, ಸಂತೂರಿಗೆ ಶಿವಕುಮಾರ್ ಶರ್ಮಾ, ಕೊಳಲಿಗೆ ಹರಿಪ್ರಸಾದ್ ಚೌರಾಸಿಯಾ. ಬೀಟಲ್ಸ್‌ನ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗ ಧ್ವನಿಮುದ್ರಣವಾದದ್ದೂ ಅಲ್ಲೇ. 1972ರಲ್ಲಿ ನನ್ನ ಪೋಸ್ಟರಿನ ದೇವರುಗಳಾದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಮುಂಬೈಗೆ ಬಂದು, ಇಲ್ಲಿನ ವಾದಕರ ಜೊತೆ ತಮ್ಮ ‘ಫ್ರೆಂಡ್ಸ್’ ಮತ್ತು ‘ಫೋರ್ ಸ್ಟಿಕ್ಸ್’ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದರು. ಆ ಧ್ವನಿಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ.

1972! ದೊಡ್ಡಪ್ಪ ಆಗ ಮುಂಬೈಯಲ್ಲೇ ಇದ್ದರು. ಬೆಳಗಾಗುವುದನ್ನೇ ಕಾದು, ಅವರು ಚಹಾ ಕುಡಿಯುವಾಗ ಬಲಗಿವಿಗೆ ಇಯರ್‌ಫೋನ್ ಇಟ್ಟು ಆ ‘ಫ್ರೆಂಡ್ಸ್’ ಕೇಳಿಸಿದೆ.

“ಇದರಾಗ ನೀವೂ ಇದ್ರೇನ್ರಿ ದೊಡ್ಡಪ್ಪ?”

ಪೂರ್ತಿ ಕೇಳಿದರು. ನಕ್ಕರು. “ಇಲ್ಲೋ ಹುಚ್ಚಾ. ಇವರ ಹೆಸರ ಕೇಳಿಲ್ಲ ನಾ. ಆದರ ಪಿಟೀಲಿನವ್ರು ಪಳಗಿದ ಮಂದಿ ನೋಡು.”

ನನಗೆ ಬೇಕಾಗಿದ್ದ ಕಥೆ ಸಿಗಲಿಲ್ಲ. ಅವರು ಮಾತ್ರ ಬೇಕಾದ್ದನ್ನೇ ಕೇಳಿಸಿಕೊಂಡಿದ್ದರು. ನಾನು ಹತ್ತಾರು ಸಲ ಕೇಳಿದಾಗೆಲ್ಲ ಪೇಜ್‌ನ ಗಿಟಾರಿಗಷ್ಟೇ ಕಿವಿ ಕೊಟ್ಟಿದ್ದೆ.

ಅಲ್ಲೂ ಇದೇ ಕಥೆ

ಇದು ಬಡ ದೇಶದ ಕಥೆ, ಅಮೆರಿಕಾದಲ್ಲಿ ಹೀಗಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಅದೂ ಸುಳ್ಳಾಯಿತು. ಲಾಸ್ ಏಂಜಲೀಸ್‌ನಲ್ಲಿ ‘ರೆಕಿಂಗ್ ಕ್ರೂ’ ಅಂತ ಒಂದು ಗುಂಪಿತ್ತು. ಬೀಚ್ ಬಾಯ್ಸ್ ಬ್ಯಾಂಡಿನ ‘ಪೆಟ್ ಸೌಂಡ್ಸ್’ (1966) ಆಲ್ಬಮ್ಮಿನಲ್ಲಿ ಹಾಡಿದ್ದು ಬ್ಯಾಂಡಿನವರು, ವಾದ್ಯಗಳನ್ನು ಹೆಚ್ಚಾಗಿ ನುಡಿಸಿದ್ದು ಈ ಗುಂಪು. ‘ಬಿ ಮೈ ಬೇಬಿ’ (1963) ಹಾಡಿನ ಆರಂಭದ ಡ್ರಮ್ ಪೆಟ್ಟು ಹ್ಯಾಲ್ ಬ್ಲೇನ್ ಅವರದು. ಅದನ್ನು ನಕಲು ಮಾಡದ ರಾಕ್ ಡ್ರಮ್ಮರ್ ಕಡಿಮೆ. ನಮ್ಮ ಬ್ಯಾಂಡಿನ ಹುಡುಗನೂ ಮಾಡಿದ್ದ, ಯಾರದೆಂದು ಗೊತ್ತಿಲ್ಲದೇ. ಬೇಸ್ ಗಿಟಾರ್ ಹಿಡಿದ ಕ್ಯಾರಲ್ ಕೇ, ಗಂಡಸರೇ ತುಂಬಿದ್ದ ಆ ಕೋಣೆಯಲ್ಲಿ ಸರಿಸಮ ಕೂತ ಹೆಣ್ಣುಮಗಳು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಗೆ ಒಂದರ ಮೇಲೊಂದು ಹಿಟ್ ನುಡಿಸಿದ ‘ಫಂಕ್ ಬ್ರದರ್ಸ್’ ಹೆಸರು ಆಲ್ಬಮ್ ಕವರಿನ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ.

ಮತ್ತೆ ಆ ಜಿಮ್ಮಿ ಪೇಜ್? 1968ರಲ್ಲಿ ಲೆಡ್ ಝೆಪ್ಪೆಲಿನ್ ಕಟ್ಟುವ ಮುಂಚೆ ಅವರೂ, ಅದೇ ಬ್ಯಾಂಡಿನ ಜಾನ್ ಪಾಲ್ ಜೋನ್ಸ್ ಅವರೂ ಲಂಡನ್ನಿನಲ್ಲಿ ಇದೇ ಕೂಲಿ ಮಾಡುತ್ತಿದ್ದವರು. ರೋಲಿಂಗ್ ಸ್ಟೋನ್ಸ್‌ನ ‘ಶೀಸ್ ಎ ರೇನ್‌ಬೋ’ ಹಾಡಿನ ಪಿಟೀಲುಗಳನ್ನು ಜೋಡಿಸಿ ಬರೆದುಕೊಟ್ಟವರು ಜೋನ್ಸ್. ಎರಡನೇ ಸಾಲಿನಿಂದ ಎದ್ದು ಮುಂದಿನ ಸಾಲಿಗೆ ಬಂದವರು ಇವರು. ಎಲ್ಲರಿಗೂ ಹಾಗೆ ಏಳಲು ಆಗೋದಿಲ್ಲ.

ಒಂದು ಸಂಗತಿ ಓದಿ ಫೋನ್ ಕೆಳಗಿಟ್ಟೆ. ರೆಕಿಂಗ್ ಕ್ರೂ ಗಿಟಾರಿಸ್ಟ್ ಟಾಮಿ ಟೆಡೆಸ್ಕೊಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಮಗ ಡೆನ್ನಿ ಕ್ಯಾಮೆರಾ ಹಿಡಿದ. ಅಪ್ಪನನ್ನೂ ಅಪ್ಪನ ಗೆಳೆಯರನ್ನೂ ಮಾತಾಡಿಸಿದ. ಟಾಮಿ 1997ರಲ್ಲಿ ತೀರಿಕೊಂಡರು. ಸಾಕ್ಷ್ಯಚಿತ್ರ ಮೊದಲು ಪ್ರದರ್ಶನ ಕಂಡದ್ದು 2008ರಲ್ಲಿ, ಚಿತ್ರಮಂದಿರಕ್ಕೆ ಬಂದದ್ದು 2015ರಲ್ಲಿ. ಅದರಲ್ಲಿದ್ದ ಹಾಡುಗಳ ಹಕ್ಕಿಗೆ ಹಣ ಹೊಂದಿಸಬೇಕಿತ್ತು. ಅಪ್ಪ ತಾನೇ ನುಡಿಸಿದ ಹಾಡನ್ನು ತೋರಿಸಲು ಮಗ ದುಡ್ಡು ಕಟ್ಟಬೇಕಾಯಿತು.

ನಮ್ಮ ಕ್ಯಾಸೆಟ್ಟಿನ ಗಿಟಾರ್

ಕನ್ನಡಕ್ಕೆ ಬರೋಣ. ಆಗ ನಮ್ಮ ಬಹುಪಾಲು ಸಿನಿಮಾ ಹಾಡುಗಳು ಧ್ವನಿಮುದ್ರಣವಾಗುತ್ತಿದ್ದದ್ದು ಮದ್ರಾಸಿನಲ್ಲಿ. ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಒಬ್ಬ ಗಿಟಾರ್ ವಾದಕ, ಸಹಾಯಕ ಇದ್ದರು. ಆ ವರ್ಷಗಳ ಕನ್ನಡ ಚಿತ್ರಗಳಿಗೆ ದುಡಿದ ಅವರು 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ಯಿಂದ ತಾವೇ ಸಂಗೀತ ನಿರ್ದೇಶಕರಾದರು. ಇಳಯರಾಜ! ಮುಂದೆ ಅವರೇ ಕನ್ನಡಕ್ಕೆ ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಕೊಟ್ಟರು. ಆ ಚಿತ್ರದ ಒಂದು ವಾದ್ಯಸಂಗೀತ ವರ್ಷಗಳ ನಂತರ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶದ ತುಂಬ ಮೊಳಗಿತು. ನಮ್ಮ ಹಾಸ್ಟೆಲಿನಲ್ಲಿ ಗಿಟಾರ್ ಕೈಗೆತ್ತಿಕೊಂಡ ಹತ್ತು ಹುಡುಗರಲ್ಲಿ ಎಂಟು ಜನ ಮೊದಲು ಮೀಟಲು ನೋಡುತ್ತಿದ್ದದ್ದು ಅದನ್ನೇ.

ಹಿಂದಿಯಲ್ಲಿ ‘ದಮ್ ಮಾರೋ ದಮ್’ (1971) ಹಾಡಿನ ಗಿಟಾರ್, ಗಝಲ್ ಗಾಯಕ ಅಂತ ನಾವು ತಿಳಿದಿರುವ ಭೂಪಿಂದರ್ ಸಿಂಗ್ ಅವರದು. ರಾಕ್ ಅನ್ನೋ ಶಬ್ದ ಗೊತ್ತಿಲ್ಲದ ಹಳ್ಳಿಗಳಿಗೆ ಎಲೆಕ್ಟ್ರಿಕ್ ಗಿಟಾರಿನ ಸದ್ದು ತಲುಪಿದ್ದು ಇಂಥವರ ಕೈಯಿಂದ, ರೇಡಿಯೋ ಮೂಲಕ. ನಮ್ಮ ಬ್ಯಾಂಡಿನ ರಾಕ್ ಇಂಗ್ಲೆಂಡಿನಿಂದ ಬಂದದ್ದು ಅಂತ ನಾನು ಜಂಬ ಕೊಚ್ಚುತ್ತಿದ್ದೆ. ಅದಕ್ಕೂ ಮುಂಚೆ ಅದು ಅಪ್ಪನ ರೇಡಿಯೋದಲ್ಲಿ ಬಂದಿತ್ತು.

ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳನ್ನು ಇಳಿಸಿ ನೋಡಿದೆ. ಗಾಯಕರ ಹೆಸರಿದೆ, ಸಾಹಿತ್ಯ ಯಾರದೆಂದು ಇದೆ, ಸಂಗೀತ ನಿರ್ದೇಶಕರ ಹೆಸರು ದಪ್ಪ ಅಕ್ಷರದಲ್ಲಿದೆ. ನುಡಿಸಿದವರು ಒಂದರಲ್ಲೂ ಇಲ್ಲ. ಆಫೀಸಿನಲ್ಲಿ ನಾನು ಕೋಡಿನ ಒಂದು ಅಲ್ಪವಿರಾಮ ಬದಲಿಸಿದರೂ ಗಿಟ್‌ನಲ್ಲಿ ಹೆಸರು, ದಿನ, ನಿಮಿಷ ಸಮೇತ ದಾಖಲಾಗುತ್ತದೆ. ಏಳು ವರ್ಷ ಬಾರಿಸಿದ ದೊಡ್ಡಪ್ಪನ ಹೆಸರು ಎಲ್ಲೂ ಇಲ್ಲ. ಯಾವ ಹಾಡಿನಲ್ಲಿ ಹುಡುಕಬೇಕು ಅನ್ನೋದೂ ಗೊತ್ತಿಲ್ಲ.

ಮಧ್ಯಾಹ್ನ ಊರಿನ ಭೂವರಾಹ ನರಸಿಂಹ ಗುಡಿಗೆ ಹೋಗಿ ಕೂತೆ. ಗೋವಾ ಕದಂಬರ ಕಾಲದ್ದು. ಎದುರುಬದುರು ಎರಡು ಗರ್ಭಗುಡಿ. ಶಾಲೆಯಲ್ಲಿ ರಾಜರ ಹೆಸರು ಬಾಯಿಪಾಠ ಮಾಡಿದ್ದೆ. ಕಲ್ಲು ಕಡಿದವರು ಯಾರು ಅಂತ ಪರೀಕ್ಷೆಯಲ್ಲಿ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಫೋನ್ ಕರೆ

ಕಂಪನಿಗಳನ್ನು ಬೈಯೋದು ಸುಲಭ. ನಮ್ಮ ಹಾಡಿನ ಡಿಸ್ಕ್ರಿಪ್ಶನ್ ಬರೆದದ್ದು ಯಾವ ಕಂಪನಿಯೂ ಅಲ್ಲ, ನಾನೇ. ಐದೂ ಜನರ ಹೆಸರಿತ್ತು. ಕ್ಯಾಮೆರಾ ಹಿಡಿದವನದೂ ಇತ್ತು. ‘ಕ್ಯಾಂಟೀನ್ ಚಹಾಕ್ಕೆ ಧನ್ಯವಾದ’ ಅಂತಲೂ ಇತ್ತು. ಸಂಬಾಳದವರು ಮಾತ್ರ ಇರಲಿಲ್ಲ.

ಹಳೇ ಬ್ಯಾಂಡಿನ ವಾಟ್ಸ್ಯಾಪ್ ಗುಂಪಿಗೆ ಮೆಸೇಜ್ ಹಾಕಿದೆ. ಇಬ್ಬರು ನೋಡಿ ಸುಮ್ಮನಾದರು. ಡ್ರಮ್ಮರ್ ಪುಣೆಯಿಂದ ಫೋನ್ ಮಾಡಿ ‘ಈಗ್ಯಾಕಲೇ?’ ಅಂದ. ಆದರೂ ತನ್ನ ಚಿಕ್ಕಪ್ಪನನ್ನು ಕೇಳಿ, ಚಿಕ್ಕಪ್ಪ ಇನ್ನೊಬ್ಬರನ್ನು ಕೇಳಿ, ನಾಲ್ಕನೇ ದಿನ ನಂಬರ್ ಸಿಕ್ಕಿತು.

“ನಮಸ್ಕಾರ್ರಿ. 2016ರಾಗ ನಾವು ಕಾಲೇಜ್ ಹುಡುಗೂರು...” ಅಂತ ಶುರು ಮಾಡಿದೆ.

“ಹಾಂ, ನೆನಪೈತ್ರಿ. ಭಾಳ ಗದ್ದಲ ಮಾಡ್ತಿದ್ರಿ. ಸಾವಿರದಾ ಐನೂರು ಕೊಟ್ಟಿದ್ರಿ. ಊಟಾನೂ ಹಾಕಿಸಿದ್ರಿ.”

ಅವರಿಗೆ ನಾನು ನೆನಪಿದ್ದೆ. ನಿಮ್ಮ ಹೆಸರು ಹಾಕುವುದು ತಪ್ಪಿಹೋಗಿದೆ, ಈಗ ಹಾಕುತ್ತೇನೆ, ಹೇಗೆ ಬರೆಯಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಅಂದ್ರ ಆ ಹಾಡು ಹೊರಗ ಬಂತೇನ್ರಿ?”

ನಾವು ಅವರಿಗೆ ಹಾಡನ್ನು ಕಳಿಸಿಯೇ ಇರಲಿಲ್ಲ. ತಾವು ಬಾರಿಸಿದ್ದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಹೆಸರು ಬಿಟ್ಟದ್ದಕ್ಕಿಂತ ಇದು ನನಗೆ ಹೆಚ್ಚು ನಾಚಿಕೆ ತಂದಿತು. ಕ್ಷಮೆ ಕೇಳಿದೆ. “ಇರಲಿ ಬಿಡ್ರಿ. ಲಿಂಕ್ ಕಳಸ್ರಿ, ಮಗಳಿಗೆ ತೋರಸ್ತೀನಿ” ಅಂದರು. ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಈಗ ಡಿಸ್ಕ್ರಿಪ್ಶನ್‌ನಲ್ಲಿ ಅವರದೇ ಮೊದಲ ಹೆಸರು.

ರಾತ್ರಿ ಅವರಿಂದ ಒಂದು ವಾಯ್ಸ್ ಮೆಸೇಜ್ ಬಂತು: “ಚೊಲೋ ಬಂದೈತ್ರಿ. ಆದರ ಸಂಬಾಳ ಮುಗಿದ ಮ್ಯಾಲೆ ನಿಮ್ಮ ಡ್ರಮ್ಮಿನ ಹುಡುಗ ತಾಳ ಓಡಸ್ಯಾನ. ಅಂವಗ ಹೇಳ್ರಿ.”

ದೊಡ್ಡಪ್ಪನಿಗೆ ಕೇಳಿಸಿದೆ. ಹೊಟ್ಟೆ ಹಿಡಿದು ನಕ್ಕರು. “ನಾ ಹೇಳಬೇಕಂತಿದ್ದೆ, ನಿನಗ ಬ್ಯಾಸರಾದೀತು ಅಂತ ಬಿಟ್ಟೆ.”

ಈ ಲೇಖನದಲ್ಲಿ ನಿಮ್ಮ ಹೆಸರು ಹಾಕಲೇ ಅಂತ ಅವರನ್ನು ಕೇಳಿದೆ. ಬೇಡ ಅಂದರು. “ನನ್ನೊಬ್ಬನದ ಹಾಕಿದರ ಆ ಸಾಲಿನ್ಯಾಗ ಕುಂತ ಉಳಿದ ಮಂದೀದು?” ಹಾಗಾದರೆ ಅವರದೂ ಹೇಳಿ ಅಂದೆ. ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ, ಕುರ್ಚಿ ಕುರ್ಚಿಯಾಗಿ ಹೇಳುತ್ತ ಹೋದರು. ಕೆಲವರದು ಪೂರ್ತಿ ಹೆಸರು, ಕೆಲವರದು ಅಡ್ಡಹೆಸರು, ಒಬ್ಬರದು ‘ಕೆಮ್ಮೋ ಮಾಸ್ತರ್’ ಅಂತ ಮಾತ್ರ. ಹನ್ನೊಂದು ಜನ ಆದರು. ಹನ್ನೆರಡನೇ ಕುರ್ಚಿಗೆ ಬಂದಾಗ ಬಹಳ ಹೊತ್ತು ಸುಮ್ಮನೆ ಕೂತರು. “ಟ್ರಂಪೆಟ್ ಇತ್ತು. ಮುಖ ಕಾಣತೈತಿ, ಹೆಸರ ಬರವಲ್ದು” ಅಂದರು.

ನಾನು ಹತ್ತು ವರ್ಷ ಮುಂಚೆ ಕೇಳಿದ್ದರೆ ಬಹುಶಃ ಬರುತ್ತಿತ್ತು.

ನಿಮ್ಮ ಮನೆಯಲ್ಲೂ ‘ಬ್ಯಾಂಡಿನ್ಯಾಗ ಇದ್ದ’, ‘ನಾಟಕ ಕಂಪನಿಯಲ್ಲಿ ಪೆಟ್ಟಿಗೆ ಬಾರಿಸ್ತಿದ್ದ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ ಯಾರಾದರೂ ಇರಬಹುದು. ಈ ಸಲ ಊರಿಗೆ ಹೋದಾಗ ಪಕ್ಕ ಕೂತು, ಫೋನಿನಲ್ಲಿ ರೆಕಾರ್ಡ್ ಒತ್ತಿ ಕೇಳಿ. ಅವರ ಹೆಸರಿನ ಜೊತೆ ಪಕ್ಕದ ಕುರ್ಚಿಯಲ್ಲಿ ಯಾರಿದ್ದರು ಅಂತಲೂ ಕೇಳಿ.